ಆಪರೇಟರ್ ಓದಬಾರದ ಪುಸ್ತಕ

"ಈ ಸೀಸನ್ನಿಗೆ ಏನು ಓದ್ಲಿ ಮೇಡಂ?"

ಎದುರಿನ ಟಾಕೀಸಿನ ಆಪರೇಟರ್ ಹಾಗೆ ಕೇಳಿದ ತಕ್ಷಣ ನನ್ನ ಕೈಯಲ್ಲಿದ್ದ ಕಾರ್ಡುಗಳು ನೆಲಕ್ಕೆ ಬಿದ್ದವು. ಮೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಅದು. ಪುಸ್ತಕದಿಂದ ಮಾಡಿದ ಸಿನಿಮಾ ಬಂದರೆ, ಮೊದಲು ಪುಸ್ತಕ ಓದಿ ಆಮೇಲೆ ಪರದೆಗೆ ಬಿಡಬೇಕು ಎನ್ನುವುದು ಅವರ ಹಟ. ನಾನು ಚಿಕ್ಕಮ್ಮನ ಪುಸ್ತಕದಂಗಡಿಯಲ್ಲಿ ಬಾಗಿಲ ಬಳಿಯ ಮೇಜು ನೋಡಿಕೊಳ್ಳುವವಳು. ಹೊಸ ಪುಸ್ತಕಗಳು ಒಂದು ಕಡೆ, ಸಿನಿಮಾ ಆಗುತ್ತಿರುವವು ಇನ್ನೊಂದು ಕಡೆ. ಪ್ರತಿಯೊಂದರ ಮೇಲೂ ನನ್ನ ಕೈಬರಹದ ಎರಡು ಸಾಲಿನ ಕಾರ್ಡು.

ಅವರು ಬಗ್ಗಿ ಕಾರ್ಡು ಹೆಕ್ಕುತ್ತಾ ಗಟ್ಟಿಯಾಗಿ ಓದಿದರು. "'ಮೂವರು ಅಕ್ಕತಂಗಿಯರು, ಒಂದೇ ಬಾತ್‌ರೂಮು. ರೈಲಿನಲ್ಲಿ ಓದಲು ಚೆನ್ನ.' ಇದು ಬೇಕು. 'ಪುಸ್ತಕದ ಅಜ್ಜಿಯನ್ನು ಸಿನಿಮಾದವರು ಕೈಬಿಟ್ಟಿದ್ದಾರೆ. ಅಜ್ಜಿ ಬೇಕಾದವರು ಪುಸ್ತಕವನ್ನೇ ಕೊಳ್ಳಿ.' ಇದೂ ಬೇಕು!"

ನಕ್ಕರು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತದೆ. ಇಂಥದ್ದನ್ನೆಲ್ಲ ನೋಡಿ ನನ್ನ ಪಾಡಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಶುಕ್ರವಾರ 'ಗೋಪುರದ ಮೆಟ್ಟಿಲು' ಹಾಕ್ತಿದ್ದೀವಿ. ಅದರ ಪುಸ್ತಕ ಎಲ್ಲಿ?"

"ಖಾಲಿ."

"ನಿನ್ನೆ ತಾನೇ ಬಂಡಲ್ ಇಳೀತಿತ್ತಲ್ಲ?"

"ಹೋಗ್ಬಿಡ್ತು. ಅಷ್ಟೇನೂ ಚೆನ್ನಾಗಿಲ್ಲ ಬಿಡಿ."

"ಚೆನ್ನಾಗಿಲ್ಲದ್ದು ಒಂದೇ ದಿನಕ್ಕೆ ಖಾಲಿನಾ?" ಅವರು ನನ್ನ ಮುಖವನ್ನೇ ನೋಡಿದರು. ನಾನು ಮೇಜಿನ ಧೂಳು ಒರೆಸತೊಡಗಿದೆ. ಧೂಳು ಇರಲಿಲ್ಲ.

ನಲವತ್ತು ಪ್ರತಿಗಳೂ ಒಳಕೋಣೆಯಲ್ಲಿ, ಯಾರೂ ಹೋಗದ ತೆರಿಗೆ ಕಾನೂನಿನ ಕಪಾಟಿನಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದವು. ಅಲ್ಲಿಟ್ಟವಳು ನಾನೇ. ಆ ಕಾದಂಬರಿ ಬರೆದವಳೂ ನಾನೇ, ಒಬ್ಬ ಗಂಡಸಿನ ಹೆಸರಿಟ್ಟುಕೊಂಡು. ಚಿಕ್ಕಮ್ಮನಿಗೂ ಗೊತ್ತಿಲ್ಲ.

ಕಥೆಯ ನಾಯಕ ಗಡಿಯಾರ ಗೋಪುರದ ಕಾವಲುಗಾರ. ಆದರೆ ಅವನ ನಗು, ನಡಿಗೆ, ಕಾಲರ್ ಎಳೆದುಕೊಳ್ಳುವ ರೀತಿ ಎಲ್ಲ ಆಪರೇಟರದ್ದು. ಅಷ್ಟೇ ಆಗಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಅಂಗಡಿಯಲ್ಲಿ ಕರೆಂಟು ಹೋದಾಗ ಅವರು ಮೇಜಿನ ಅಂಚು ಬಿಗಿಯಾಗಿ ಹಿಡಿದುಕೊಂಡು ಹೇಳಿದ್ದರು: "ನಂಗೆ ಚಿಕ್ಕಂದಿನಿಂದ ಕತ್ತಲಂದ್ರೆ ಭಯ. ಪ್ರೊಜೆಕ್ಟರ್ ಕ್ಯಾಬಿನ್ನಿನ ಮೆಟ್ಟಿಲು ಹತ್ತುವಾಗ ಧೈರ್ಯಕ್ಕೆ ಶಿಳ್ಳೆ ಹಾಕ್ತೀನಿ. ಯಾರಿಗೂ ಹೇಳ್ಬೇಡಿ ಮೇಡಂ. ಸಿನಿಮಾ ಬಿಡೋನಿಗೇ ಕತ್ತಲ ಭಯ ಅಂದ್ರೆ ಮಾನ ಹೋಗುತ್ತೆ."

ಯಾರಿಗೂ ಹೇಳುವುದಿಲ್ಲ ಎಂದಿದ್ದೆ. ಆಮೇಲೆ ಪುಸ್ತಕದ ಐದನೇ ಅಧ್ಯಾಯದಲ್ಲಿ, ಆ ಶಿಳ್ಳೆಯ ಸಮೇತ, ಎಲ್ಲರಿಗೂ ಹೇಳಿಬಿಟ್ಟೆ. ಅವರನ್ನು ಪ್ರೀತಿಸುತ್ತೇನೆ ಎಂದು ಹೇಳಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಯಾರು ಓದುತ್ತಾರೆ ಎಂಬ ಉಡಾಫೆಯೂ ಇತ್ತು. ಓದಿದವರು ಸಿನಿಮಾದವರು; ಈಗ ಪೋಸ್ಟರು ನನ್ನ ಕಣ್ಣೆದುರಿಗೇ ನೇತಾಡುತ್ತಿತ್ತು. ಅವರಿಗೆ ತಿಳಿದರೆ ನನ್ನ ಮುಖ ನೋಡುವುದಿಲ್ಲ, ಅಷ್ಟು ಖಾತ್ರಿ.

ಗುರುವಾರ ಮಧ್ಯಾಹ್ನ ಚಿಕ್ಕಮ್ಮ ಒಳಕೋಣೆಯಿಂದ ಕೂಗಿದಳು. "ಏನೇ ಇದು, ಟ್ಯಾಕ್ಸ್ ಕಪಾಟಲ್ಲಿ ಪ್ರೇಮಕಥೆ! ಪ್ರೀತಿ ಮಾಡೋರಿಗೂ ತೆರಿಗೆ ಹಾಕ್ತಾರಾ?"

"ಜಾಗ ಇರಲಿಲ್ಲ ಚಿಕ್ಕಮ್ಮ."

"ಆ ಆಪರೇಟರ್‌ಗಾದ್ರೂ ಒಂದು ಕೊಡು. ಈಗ ತಾನೇ ಟ್ರಯಲ್ ಮುಗಿಸಿ ಆಚೆ ಬಂದ. ಮಾತಾಡ್ಸಿದ್ರೆ ಮಾತಿಲ್ಲ, ಮುಖ ಇಷ್ಟು ದಪ್ಪ ಆಗಿತ್ತು."

ಟ್ರಯಲ್! ಬಿಡುಗಡೆಯ ಹಿಂದಿನ ದಿನ ಖಾಲಿ ಹಾಲಿನಲ್ಲಿ ಇಡೀ ಸಿನಿಮಾ ಒಮ್ಮೆ ಓಡಿಸಿ ಶಬ್ದ, ಚಿತ್ರ ಸರಿಯಿದೆಯೇ ಎಂದು ನೋಡುವುದು ಆಪರೇಟರ್ ಕೆಲಸ. ಮೂರು ವರ್ಷದಿಂದ ನನಗೆ ಗೊತ್ತಿರುವ ವಿಷಯ. ಪುಸ್ತಕದವಳಾದ ನಾನು ಪುಸ್ತಕ ಮುಚ್ಚಿಟ್ಟರೆ ಸಾಕು ಅಂದುಕೊಂಡಿದ್ದೆ.

ಅವತ್ತು ಸಂಜೆ ಅವರು ಬರಲಿಲ್ಲ. ಶುಕ್ರವಾರ ಬೆಳಿಗ್ಗೆಯೂ ಬರಲಿಲ್ಲ. ಮಾರ್ನಿಂಗ್ ಷೋ ಶುರುವಾದ ಮೇಲೆ ನಾನೇ ರಸ್ತೆ ದಾಟಿದೆ. ಕ್ಯಾಬಿನ್ನಿನ ಮೆಟ್ಟಿಲು ನಿಜಕ್ಕೂ ಕಗ್ಗತ್ತಲು. ಗೋಡೆ ತಡವುತ್ತಾ ಹತ್ತಿದೆ.

"ಬಾಗಿಲು ಹಾಕಿ." ಅವರು ಕಿಂಡಿಯಿಂದ ಪರದೆ ನೋಡುತ್ತಿದ್ದರು. ತಿರುಗಲಿಲ್ಲ. "ನಿಮಗೊಬ್ಬರಿಗೇ ಹೇಳಿದ್ದೆ."

"ಹೌದು."

"ಬರೆದಿದ್ದು?"

"ನಾನೇ."

ಪರದೆಯ ಮೇಲೆ ಕಾವಲುಗಾರ ಶಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದ. ಹಾಲ್ ತುಂಬ ಜನ ಗೊಳ್ಳೆಂದು ನಕ್ಕರು. ಆಪರೇಟರ್ ಭುಜ ಒಮ್ಮೆ ಕುಗ್ಗಿತು. ನನಗೆ ಅಳು ಬಂತು.

"ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ."

"ನಿನ್ನೆ ಸಿಟ್ಟು ನೆತ್ತಿಗೇರಿತ್ತು. ಇನ್ನು ಆ ಅಂಗಡಿ ಕಡೆ ತಲೆ ಹಾಕಲ್ಲ ಅಂತ ಮನೆಗೆ ಹೋದೆ. ಹೋಗಿ ಕನ್ನಡಿ ಮುಂದೆ ನಿಂತು ನಕ್ಕೆ. ಸಿನಿಮಾದವನ ಹಾಗೇ ಎಡಗಣ್ಣೇ ಮೊದಲು ಮುಚ್ಚುತ್ತೆ! ನಮ್ಮಮ್ಮನಿಗೂ ಗೊತ್ತಿಲ್ಲ ಅದು." ಈಗ ತಿರುಗಿದರು. "ಸಿನಿಮಾದಲ್ಲಿ ಅವನನ್ನ ಕೊನೆಗೆ ಸಾಯಿಸಿದ್ದಾರೆ. ಪುಸ್ತಕದಲ್ಲೂ ಸಾಯಿಸಿದ್ದೀರಾ?"

"ಅಯ್ಯೋ ಇಲ್ಲ! ಅದು ಡೈರೆಕ್ಟರ್ ಕೆಲಸ."

"ಮತ್ತೇನಾಗುತ್ತೆ?"

"ಏನೂ ಆಗಲ್ಲ. ಅವನನ್ನ ಪ್ರೀತಿಸೋ ಹುಡುಗಿ ಅದನ್ನ ಹೇಳೋದೇ ಇಲ್ಲ. ಅವನಿಗೆ ಕೊನೆವರೆಗೂ ಗೊತ್ತಾಗಲ್ಲ."

"ಅದಕ್ಕಿಂತ ಸಾಯೋದೇ ವಾಸಿ ಕಣ್ರೀ." ಆಮೇಲೆ ಕೇಳಿದರು, "ಯಾಕೆ ಹೇಳಲ್ಲ?"

"ಭಯ. ಅವನು ನಕ್ಕುಬಿಟ್ರೆ?"

ಅವರು ನಗಲಿಲ್ಲ. "ಹೇಳಿ ನೋಡ್ಲಿ."

ಓಡಿಹೋಗೋಣ ಎನ್ನಿಸಿತು, ಬಾಗಿಲು ಹಿಂದೆಯೇ ಇತ್ತು. "ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದೆ. "ಮೂರು ವರ್ಷದಿಂದ."

ಅವರು ನನ್ನ ಕೈ ಹಿಡಿದರು. ಕೆಳಗೆ ಹಾಲಿನಲ್ಲಿ ಯಾರೋ "ಇಂಟರ್ವಲ್ಲು!" ಎಂದು ಕೂಗಿದರು. ಹತ್ತು ಜನ ದನಿಗೂಡಿಸಿದರು. ಇಂಟರ್ವಲ್ ಸಮಯ ಮೀರಿ ಐದು ನಿಮಿಷವಾಗಿತ್ತು.

"ಕೂಗಲಿ ಬಿಡಿ," ಎಂದರು. "ನಂದೂ ಒಂದು ಗುಟ್ಟಿದೆ, ಇದಕ್ಕಿಂತ ದೊಡ್ಡದು. ಹೇಳ್ತೀನಿ. ಆದ್ರೆ ಈ ಸಲ ಬರೆಯಬಾರದು."

"ಬರೆಯಲ್ಲ."

"ಅವತ್ತೂ ಹೀಗೇ ಅಂದಿದ್ರಿ."

"ಅವತ್ತು ನಿಮ್ಮನ್ನ ಕಳ್ಕೊಳ್ಳೋ ಭಯ ಇರಲಿಲ್ಲ."

ಅವರು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು. ಎಷ್ಟು ಮಾತು, ಯಾವ ಮಾತು ಎಂಬುದನ್ನು ಓದುಗರಾದ ನಿಮಗೆ ನಾನು ಹೇಳುವುದಿಲ್ಲ.