ದೌಲತರಾಯರ ಬೂದುಗಾಲಿನ ಲಾರಿ

“ಸ್ಕ್ರೂ ಎಲ್ಲಿ?”

ಮೊಬೈಲಿನ ಪರದೆಯೊಳಗಿಂದ ಪುಣೆಯ ಹಿರಿಯರು ಹಿಂದಿಯಲ್ಲಿ ಕೇಳಿದ್ದು ಇಷ್ಟೇ. ಹಳೆಯ ಆಟಿಕೆಗಳ ಬಗ್ಗೆ ಅವರಷ್ಟು ತಿಳಿದವರಿಲ್ಲವಂತೆ. ವಿಶ್ವಾರಾಧ್ಯ ಮಾಸ್ತರರು ಕೈಯಲ್ಲಿದ್ದ ರೋಬೋಟನ್ನು ತಿರುಗಿಸಿ ತೋರಿಸಿದರು. ಬೆನ್ನಿನಲ್ಲಿ ಸ್ಕ್ರೂ ಇರಲಿಲ್ಲ. ಒತ್ತಿ ಕೂರಿಸಿದ ಕಬ್ಬಿಣದ ಪಿನ್ನುಗಳಿದ್ದವು.

“ಪಿನ್ನು ಇರುವುದು ಹೊರದೇಶದ ಮಾಲಿಗೆ. ನಿಮ್ಮ ಕಡೆ ಮಾರಿದ್ದಕ್ಕೆ ಸ್ಕ್ರೂ ಇರಬೇಕು. ಇದಕ್ಕೆ ಬಣ್ಣ ಬಳಿದಿದ್ದಾರೆ. ಯಾರೋ ನಿಮ್ಮದನ್ನು ಬದಲಿಸಿದ್ದಾರೆ!”

ಹತ್ತು ನಿಮಿಷದಲ್ಲಿ ಮಾಸ್ತರರು ಆಳಂದ ಬಸ್ ಸ್ಟ್ಯಾಂಡಿನ ಎದುರು, ನನ್ನ ತಮ್ಮ ಫರ್ದೀನನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದರು.

“ಎಲ್ಲಿ ಇಟ್ಟೀಲೇ ನಮ್ಮಪ್ಪನ ಲಾರಿ? ಕಳ್ಳ!”

ಅಂಗಡಿಯ ಮುಂದೆ ಜನ ಸೇರಿದರು. ನಾನು ಸಿಕಂದರ, ಅಲ್ಲೇ ಪಕ್ಕದಲ್ಲಿ ನನ್ನ ಕ್ರೂಸರ್ ಗಾಡಿಗೆ ಅಫಜಲಪುರದ ಪ್ಯಾಸೆಂಜರ್ ಕೂಗುತ್ತಿದ್ದೆ. ಇಬ್ಬರು ಗಿರಾಕಿಗಳು ರಿಪೇರಿಗೆ ಕೊಟ್ಟ ತಮ್ಮ ಫೋನುಗಳನ್ನು ವಾಪಸು ಇಸಿದುಕೊಂಡು ಹೋದರು. ಮೊಬೈಲ್ ರಿಪೇರಿಯವನಿಗೆ ಕಳ್ಳನೆಂಬ ಹೆಸರು ಒಮ್ಮೆ ಬಂದರೆ ಮುಗಿಯಿತು, ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರಬೇಕು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಆಟಿಕೆ ಬಿಚ್ಚಿದರೆ ಗೇಣುದ್ದದ ರೋಬೋಟ್, ಮಡಚಿದರೆ ಲಾರಿ. ಮಾಸ್ತರರ ತಂದೆ ದೌಲತರಾಯರು ಲಾರಿ ಚಾಲಕರಾಗಿದ್ದರು. ತೊಗರಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದಾಗ, ೧೯೮೮ರಲ್ಲಿ, ಮಗನಿಗೆಂದು ತಂದದ್ದು. ಹೊರದೇಶದ ಅಚ್ಚಿನಲ್ಲೇ ನಮ್ಮಲ್ಲೂ ಕೆಲವು ವರ್ಷ ಇವನ್ನು ಎರಕ ಹೊಯ್ದರಂತೆ. ಹೊರಗಿನದಕ್ಕೆ ನೀಲಿ ಕಾಲು, ಕೆಂಪು ಎದೆ. ಸೊಲ್ಲಾಪುರದ ಸುತ್ತ ಮಾರಿದ ಒಂದಿಷ್ಟಕ್ಕೆ ಮಾತ್ರ ಬೂದು ಕಾಲು, ಇಟ್ಟಿಗೆ ಬಣ್ಣದ ಎದೆ. ಅಂಥವು ಈಗ ದೇಶದಲ್ಲೇ ಐದಾರು ಉಳಿದಿರಬಹುದು. ಎರಡು ತಿಂಗಳ ಹಿಂದೆ ಜೇವರ್ಗಿಯಿಂದ ಕಲ್ಯಾಣಕುಮಾರ ಎಂಬ ಸಂಗ್ರಾಹಕರು ಬಂದು ನೋಡಿ ಹೀಗೆ ಹೇಳಿದ ಮೇಲೆಯೇ ಮಾಸ್ತರರಿಗೂ ಅದರ ಹಿರಿಮೆ ಗೊತ್ತಾದದ್ದು.

ಹೋದ ತಿಂಗಳು ಅದರ ಕಾಲು ಸಡಿಲಾಯಿತು. ರಿಪೇರಿ ಮಾಡಿದವನು ಫರ್ದೀನ. ಎರಡು ದಿನ ಅಂಗಡಿಯಲ್ಲಿ ಇಟ್ಟುಕೊಂಡಿದ್ದ. ವಾಪಸು ಕೊಡುವಾಗ, “ಅಂಟು ಗಟ್ಟಿ ಆಗಬೇಕು, ಎರಡು ತಿಂಗಳ ಮಡಚಬ್ಯಾಡ್ರಿ” ಎಂದಿದ್ದ. ಈಗ ಅದೇ ಮಾತು ಅವನ ಕೊರಳಿಗೆ ಬಿದ್ದಿತ್ತು.

“ಇದರಾಗ ಅಂಟೂ ಇಲ್ಲ, ರಿಪೇರಿ ಗುರ್ತೂ ಇಲ್ಲ! ಬದಲು ಮಾಡಿ ಕೊಟ್ಟು, ಸಿಕ್ಕೊಂಡೇನು ಅಂತ ಮಡಚಬ್ಯಾಡ ಅಂದಿ, ಹೌದಿಲ್ಲ?” ಮಾಸ್ತರರು ಜೇಬಿನಿಂದ ಕಾಗದ ತೆಗೆದರು. “ದೂರು ಬರದೇನಿ. ಸಂಜಿ ತನಕ ಟೈಮ್ ಕೊಡ್ತೇನಿ. ಆಮ್ಯಾಲ ಪೊಲೀಸ್ ಸ್ಟೇಷನ್.”

ಫರ್ದೀನ ತಲೆ ತಗ್ಗಿಸಿ ಸ್ಕ್ರೂ ಡ್ರೈವರ್ ತಿರುವುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. ಪ್ಯಾಸೆಂಜರನ್ನೆಲ್ಲ ಇಳಿಸಿ, ಗಾಡಿ ತಿರುಗಿಸಿ, ನೇರ ವಿದ್ಯಾವತಿ ಅಕ್ಕೋರ ಮನೆಗೆ ಹೋದೆ.

ಅಕ್ಕೋರು ನನಗೆ ಮೂರನೇ ಇಯತ್ತೆಯಲ್ಲಿ ಕಲಿಸಿದವರು. ನಿವೃತ್ತರಾಗಿ ಆರು ವರ್ಷವಾಯಿತು. ನಿಂಬರ್ಗಾದಲ್ಲಿ ಕಳುವಾದ ಶಾಲೆಯ ಗ್ಯಾಸ್ ಸಿಲಿಂಡರನ್ನು ಕೂತಲ್ಲೇ ಪತ್ತೆ ಹಚ್ಚಿದ ಮೇಲೆ ಊರವರು ಸ್ಟೇಷನ್ನಿಗಿಂತ ಮೊದಲು ಅವರ ಮನೆಗೆ ಹೋಗುವುದು ರೂಢಿ. ಅವರಿಗೆ ಅವಸರ ಎಂದರೇನೆಂದೇ ಗೊತ್ತಿಲ್ಲ. ನನಗೆ ಅದಲ್ಲದೆ ಬೇರೇನೂ ಗೊತ್ತಿಲ್ಲ.

“ಕುಂದರು,” ಎಂದರು.

“ಕುಂದರೂದ ಆಗಂಗಿಲ್ರಿ ಅಕ್ಕೋರ! ನನ್ನ ತಮ್ಮನ ಮರ್ಯಾದಿ ಹೊಂಟದ!”

ಅವರು ಚಪ್ಪಲಿ ಮೆಟ್ಟಿದರು. ಒಂದು ನೋಟ್ ಬುಕ್ಕು, ಒಂದು ಪೆನ್ಸಿಲ್ಲು ತೆಗೆದುಕೊಂಡರು. ಮೊದಲು ಅಂಗಡಿಗೇ ಬಂದು ಅವೆರಡನ್ನೂ ಫರ್ದೀನನ ಮುಂದಿಟ್ಟರು.

“ಆ ಗೊಂಬಿ ಹ್ಯಾಂಗಿತ್ತು, ನೆನಪಿನಿಂದ ಚಿತ್ರ ತಗಿ.”

ಮನೆ ಹೊತ್ತಿ ಉರಿಯುವಾಗ ಚಿತ್ರಕಲೆಯ ತರಗತಿ! ನನಗೆ ಸಿಟ್ಟು ಬಂತು. ಫರ್ದೀನ ಮಾತ್ರ ಗಂಭೀರವಾಗಿ ಬಿಡಿಸಿದ. ಅವನದು ರಿಪೇರಿಯವನ ಚಿತ್ರ. ಕಾಲು ಬೇರೆ, ಕೈ ಬೇರೆ, ಎಲ್ಲಾ ಬಿಡಿಬಿಡಿ. ನಾಲ್ಕು ಸ್ಕ್ರೂ, ಒಂದು ಸ್ಪ್ರಿಂಗು. ನಡುವೆ ಬೆರಳಗಲದ ಒಂದು ಪಟ್ಟಿ, ಪಟ್ಟಿಯ ಮೇಲೆ ಕಪ್ಪಗೆ ತಿದ್ದಿದ ಒಂದು ದುಂಡು. ಅದೂ ಸ್ಕ್ರೂ ಇರಬೇಕೆಂದುಕೊಂಡು ನಾನು ಗಾಡಿಯ ಹಾರ್ನ್ ಒತ್ತಿದೆ.

ಮಾಸ್ತರರ ಮನೆಯಲ್ಲಿ ಆಟಿಕೆ ಇಡುವ ಗಾಜಿನ ಕಪಾಟಿಗೆ ಬೀಗವೇ ಇರಲಿಲ್ಲ. ಮಾಸ್ತರರ ತಾಯಿ ಗುರುಶಾಂತಮ್ಮ ಹೊಸ್ತಿಲಲ್ಲೇ ಕೂತಿದ್ದರು. ವಯಸ್ಸು ಎಪ್ಪತ್ತಾರು. ಕಣ್ಣುಗಳು ಕೆಂಪಾಗಿದ್ದವು.

“ರಿಪೇರಿ ಆಗಿ ಬಂದ ಮ್ಯಾಲ ಈ ಕಪಾಟಿನ ಹಂತ್ಯಾಕ ಯಾರ್ಯಾರು ಬಂದಾರ್ರಿ ಆಯಿ?” ಅಕ್ಕೋರು ಕೇಳಿದರು.

“ಇಬ್ಬರೇ ಇಬ್ಬರು. ಮಣ್ಣೂರ ಬೀರಲಿಂಗಪ್ಪ ಬಂದಿದ್ದ. ನಮ್ಮವರ ಸಂಗಾಟ ಲಾರಿ ಮ್ಯಾಲ ಕ್ಲೀನರ್ ಇದ್ದಾಂವ. ಆ ಲಾರಿ ನನಗ ಕೊಡ್ರಿ ಅಂತ ಬೇಡಿದ, ನಾವು ಕೊಡಲಿಲ್ಲ. ಊಟ ಮಾಡಿ ಇಲ್ಲೇ ಮಲಗಿದ್ದ.”

“ಮತ್ತೊಬ್ರು?”

“ಜೇವರ್ಗಿಯಾಂವ. ಮತ್ತ ಫೋಟೋ ಬೇಕು ಅಂತ ಹೋದ ವಾರ ಬಂದ. ನಾ ಚಾ ಮಾಡಾಕ ಒಳಗ ಹೋಗಿದ್ದೆ.”

“ಗೊಂಬಿ ಕಾಲಿಗೆ ಏನೋ ಬೆಳ್ಳಗ ಅದಲ್ಲ?”

“ವಿಭೂತಿರಿ. ಅವರು ತೀರಿಕೊಂಡ ಮ್ಯಾಲ ಲಾರಿ ಮಾರಿಬಿಟ್ಟೆವು. ದಸರಾದಾಗ ಖಂಡೇ ಪೂಜಿ ದಿನ ಎಲ್ಲರ ಮನ್ಯಾಗ ಗಾಡಿ ಪೂಜಿ ಮಾಡ್ತಾರ. ನಮ್ಮ ಮನ್ಯಾಗ ಗಾಡಿನೇ ಇಲ್ಲ. ಅದಕ್ಕ ನಾ ಇದಕ್ಕೇ ಮಾಡಾಕತ್ತೇನಿ, ಇಪ್ಪತ್ತೆಂಟು ವರ್ಷ ಆತು.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಈ ಕಳ್ಳ ನೋಡ್ರಿ, ವಿಭೂತಿನೂ ಹಚ್ಚಿ ಇಟ್ಟಾನ!”

ಹೌದು, ಬದಲಿ ಗೊಂಬೆಯ ಎರಡೂ ಕಾಲಿನ ಮೇಲೆ ಮೂರು ಮೂರು ಬಿಳಿ ಪಟ್ಟೆಗಳಿದ್ದವು. ಅಕ್ಕೋರು ಅದನ್ನು ಬಹಳ ಹೊತ್ತು ನೋಡಿದರು. ಮಡಚಲಿಲ್ಲ. ಹಾಗೇ ನಿಲ್ಲಿಸಿ ಒಂದು ಡಬ್ಬಿಯಲ್ಲಿಟ್ಟರು.

“ಮಣ್ಣೂರಿಗೆ ನಡಿ. ಅಲ್ಲಿಂದ ಜೇವರ್ಗಿ.”

ಮಾಸ್ತರರು ದೂರಿನ ಕಾಗದ ಹಿಡಿದು ಮುಂದಿನ ಸೀಟಿಗೆ ಹತ್ತಿದರು. ಆಯಿಯೂ ಹತ್ತಿದರು. ಬೇಡವೆಂದರೂ ಕೇಳಲಿಲ್ಲ. “ನನ್ನ ಗಂಡನ ಲಾರಿ ಅದು,” ಎಂದರು, ಅಷ್ಟೇ.

ಆ ದಾರಿಯಲ್ಲಿ ನಾನು ಗಾಡಿ ಓಡಿಸಿದ ರೀತಿ ನೆನೆದರೆ ಈಗ ನನಗೇ ಹೆದರಿಕೆ. ನನ್ನ ತಮ್ಮನನ್ನು ಕಳ್ಳನೆಂದ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದಾನೆ, ಗೇರ್ ಹಾಕಿದಾಗೆಲ್ಲ ಅವರ ಮೊಣಕಾಲಿಗೆ ನನ್ನ ಕೈ ತಾಗುತ್ತಿದೆ! ಫರ್ದೀನನಿಗೆ ಮೂರು ಸಲ ಫೋನ್ ಹಚ್ಚಿದೆ. ಎತ್ತಲಿಲ್ಲ. ನಾಲ್ಕನೇ ಸಲ ಸ್ವಿಚ್ ಆಫ್.

ಮಣ್ಣೂರಿನಲ್ಲಿ ಭೀಮಾ ದಂಡೆಯ ಹೊಲದಲ್ಲಿ ಬೀರಲಿಂಗಪ್ಪ ಸಿಕ್ಕರು. ಎದುರಿಗೆ ಮಾಸ್ತರರನ್ನು ಕಂಡವರೇ ಮುಖ ಗಂಟಿಕ್ಕಿದರು.

“ಆ ಲಾರಿ ನೀವು ಬೇಡಿದ್ರಂತ?” ಅಕ್ಕೋರು ಕೇಳಿದರು.

“ಬೇಡಿದ್ದೆ. ನಾ ಯಾಕ ಸುಳ್ಳ ಹೇಳ್ಲಿ? ಸೊಲ್ಲಾಪುರ ಬಜಾರದಾಗ ಅದನ್ನ ಆರಿಸಿದಾಂವ ನಾನು. ದೌಲತರಾಯ ನೀಲಿ ಕಾಲಿಂದು ತಗೊಂಡಿದ್ದ. ನಮ್ಮ ಗಾಡಿ ಬಣ್ಣದ್ದು ಇದು ಅದ, ಇದನ್ನ ಒಯ್ಯಿ ಅಂತ ನಾನೇ ಬದಲ ಮಾಡಿಸಿದ್ದೆ.”

“ಕೊಡಲಿಲ್ಲ ಅಂತ ಸಿಟ್ಟು ಬಂತಾ?”

“ಬಂತು. ಸಿಟ್ಟು ಬಂದ್ರ ಕಳವು ಮಾಡ್ತಾರೇನು?”

ನೋಟ್ ಬುಕ್ಕು ಹೊರಬಂತು. ಬೀರಲಿಂಗಪ್ಪ ಪೆನ್ಸಿಲನ್ನು ಕಳೆ ತೆಗೆಯುವ ಕುರ್ಪಿಯಂತೆ ಮುಷ್ಟಿಯಲ್ಲಿ ಹಿಡಿದು ಒಂದು ಲಾರಿ ಬಿಡಿಸಿದರು. ಎದುರಿನಿಂದ ಬರುವ ಲಾರಿ. ಮೂತಿಯ ಉದ್ದಕ್ಕೂ ವಿಭೂತಿ, ನಟ್ಟನಡುವೆ ಒಂದು ಬೊಟ್ಟು. ಸಣ್ಣ ಮಕ್ಕಳ ಚಿತ್ರದ ಹಾಗಿತ್ತು. ನನಗೆ ಅದರಲ್ಲೇನೂ ಕಾಣಲಿಲ್ಲ. ಅಕ್ಕೋರು ಪುಟ ಮಡಚಿ, “ಭಾಳ ಚಲೋ ಆಗ್ಯದ,” ಎಂದರು.

ಗಂಟೆ ಮೂರಾಗಿತ್ತು.

ಜೇವರ್ಗಿಯಲ್ಲಿ ಕಲ್ಯಾಣಕುಮಾರರ ಮನೆಯ ಒಂದು ಕೋಣೆಯ ತುಂಬಾ ಗಾಜಿನ ಕಪಾಟುಗಳು. ಸಾಲಾಗಿ ರೋಬೋಟುಗಳು. ಎಲ್ಲವೂ ನಿಂತಿದ್ದವು, ಒಂದೂ ಮಡಚಿರಲಿಲ್ಲ. ಮನುಷ್ಯ ಬಲು ಮೆತ್ತಗೆ ಮಾತಾಡುವವರು. ನಮ್ಮ ಸುದ್ದಿ ಕೇಳಿ ನಿಜಕ್ಕೂ ನೊಂದವರಂತೆ ಹಣೆ ಒತ್ತಿಕೊಂಡರು.

“ಛೇ! ನೋಡ್ರಿ ಮಾಸ್ತರ, ರಿಪೇರಿಗೆ ಕೊಡಬಾರದಿತ್ತು. ಅಂಗಡಿಯವರನ್ನ ನಂಬಾಕ ಆಗಂಗಿಲ್ಲ.”

ನಾನು ಎದ್ದೇಬಿಟ್ಟೆ. ಅಕ್ಕೋರು ಒಂದು ಸಲ ನನ್ನ ಕಡೆ ನೋಡಿದರು. ಮೂರನೇ ಇಯತ್ತೆಯ ಅದೇ ನೋಟ. ಕೂತೆ.

“ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ,” ಎಂದು ಅಕ್ಕೋರು ನೋಟ್ ಬುಕ್ಕನ್ನು ಅವರ ಮುಂದಿಟ್ಟರು. “ನೆನಪಿನಿಂದ ತಗದು ಕೊಡ್ರಿ. ಪೊಲೀಸರಿಗೆ ಬೇಕಾಗ್ತದ.”

ಎಂಥ ಚಿತ್ರ! ಫೋಟೋ ತೆಗೆದ ಹಾಗೆ ನಿಂತ ರೋಬೋಟ್. ಎದೆಗೆ ಅಂಟಿಸಿದ ಚೀಟಿ, ಭುಜದ ಗೀರು, ಕಾಲಿನ ಮೇಲಿನ ಮೂರು ಮೂರು ಪಟ್ಟೆ. ಒಂದೂ ತಪ್ಪಿರಲಿಲ್ಲ.

“ನೀವು ಇದನ್ನ ಮಡಚಿ ನೋಡೀರೇನ್ರಿ?”

“ಇಲ್ಲಪ! ಹಳೇ ಪ್ಲಾಸ್ಟಿಕ್ಕು, ಕೀಲು ಮುರಿತಾವ. ಖರೇ ಸಂಗ್ರಾಹಕ ಯಾವತ್ತೂ ಮಡಚಂಗಿಲ್ರಿ.”

“ಒಮ್ಮೆನೂ?”

“ಒಮ್ಮೆನೂ ಇಲ್ಲ.”

ಅಕ್ಕೋರು ಡಬ್ಬಿ ತೆರೆದು ಬದಲಿ ಗೊಂಬೆಯನ್ನು ಆಯಿಯ ಕೈಗೆ ಕೊಟ್ಟರು. “ಖಂಡೇ ಪೂಜಿ ದಿನ ಹ್ಯಾಂಗ ಮಾಡ್ತೀರಿ, ಹಂಗ ಮಾಡ್ರಿ ಆಯಿ.”

ಗುರುಶಾಂತಮ್ಮನ ಬೆರಳುಗಳಿಗೆ ಹಾದಿ ಗೊತ್ತಿತ್ತು. ತಲೆ ಒಳಗೆ ಹೋಯಿತು. ಎರಡು ಕಾಲೂ ಮೇಲೆ ಬಂದವು. ಬೆನ್ನಿನೊಳಗೆ ಅಡಗಿದ್ದ ಬೆರಳಗಲದ ಪಟ್ಟಿ ಹೊರಬಂದು ಎರಡು ಕಾಲಿನ ನಡುವೆ ಕೂತಿತು. ಲಾರಿಯ ಮೂತಿ ಪೂರ್ತಿಯಾಯಿತು. ಆಯಿ ಅದನ್ನೇ ನೋಡುತ್ತಾ ಉಳಿದರು.

“ನಡುವ ಖಾಲಿ ಅದ,” ಎಂದರು ಮೆಲ್ಲಗೆ. “ಕುಂಕುಮ ಎಲ್ಲಿ?”

ಎಡಕ್ಕೆ ಮೂರು ಪಟ್ಟೆ, ಬಲಕ್ಕೆ ಮೂರು ಪಟ್ಟೆ. ನಡುವಿನ ಪಟ್ಟಿಯ ಮೇಲೆ ಏನೂ ಇಲ್ಲ. ಬೋಳು.

ಅಕ್ಕೋರು ನೋಟ್ ಬುಕ್ಕಿನ ಮೂರು ಪುಟಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು.

“ಆಯಿ ಪೂಜಿ ಮಾಡಿದ್ದು ಲಾರಿಗೆ, ರೋಬೋಟಿಗಲ್ಲ. ಮಡಚಿ, ಲಾರಿ ಮಾಡಿ, ಮೂತಿ ತುಂಬ ವಿಭೂತಿ ಎಳದು, ನಡುವ ಕುಂಕುಮ ಇಟ್ಟಾರ. ಬಿಚ್ಚಿ ನಿಲ್ಲಿಸಿದ್ರ ನಡುವಿಂದು ಬೆನ್ನಾಗ ಅಡಗ್ತದ. ಕಾಲಿನ ಮ್ಯಾಲಿಂದು ಅಷ್ಟೇ ಕಾಣ್ತದ. ಸಾಲ್ಯಾಗ ಕಾಪಿ ಹೊಡಿಯೋ ಹುಡುಗ್ರನ್ನ ಮೂವತ್ತು ವರ್ಷ ಹಿಡದೇನಿ ನಾನು. ಕಂಡದ್ದನ್ನ ಚಂದಾಗಿ ಬರೀತಾರ. ಕಾಣದ್ದನ್ನ ಬಿಡ್ತಾರ.”

ಫರ್ದೀನನ ಪುಟದ ಮೇಲೆ ಬೆರಳಿಟ್ಟರು. ನಾನು ಸ್ಕ್ರೂ ಎಂದುಕೊಂಡ ಆ ದುಂಡು.

“ಇದು ಕುಂಕುಮ. ಪೂರಾ ಬಿಚ್ಚಿದಾಂವ, ನೋಡ್ಯಾನ, ಚಿತ್ರದಾಗ ತಗದಾನ. ಬೀರಲಿಂಗಪ್ಪಂತೂ ಲಾರಿ ಬಿಟ್ಟು ಬ್ಯಾರೆ ಏನೂ ತಗಿಲಿಲ್ಲ. ಇವರಿಬ್ಬರಾಗ ಯಾರರ ಬದಲಿ ಮಾಡಿದ್ರ ನಡುವ ಬೊಟ್ಟು ಇಡೂದು ಮರೀತಿದ್ದಿಲ್ಲ. ಇದನ್ನ ಮಾಡಿದಾಂವ ಗೊಂಬಿನ ನಿಂತದ್ದಷ್ಟೇ ನೋಡ್ಯಾನ. ಒಮ್ಮೆನೂ ಮಡಚಿಲ್ಲ.” ಆ ಮನುಷ್ಯನ ಕಡೆ ತಿರುಗಿ ಕೇಳಿದರು: “ಕಲ್ಯಾಣಕುಮಾರ, ಬೂದು ಕಾಲು ಹೇಳಿದ್ರಿ, ಎದಿ ಬಣ್ಣ ಹೇಳಿದ್ರಿ. ಎಲ್ಲಕ್ಕಿಂತ ದೊಡ್ಡ ಗುರ್ತು ಸ್ಕ್ರೂ. ಅದನ್ನ ಮಾತ್ರ ಮಾಸ್ತರರಿಗೆ ಯಾಕ ಹೇಳಲಿಲ್ಲ?”

ಕಲ್ಯಾಣಕುಮಾರರ ಕಣ್ಣು ಕಪಾಟಿನ ಕೆಳಗಿನ ಖಾನೆಯ ಕಡೆ ಹೋಗಿ ಬಂತು. ನಾನು ಅಷ್ಟರಲ್ಲೇ ಅಲ್ಲಿದ್ದೆ. ಹತ್ತಿ ತುಂಬಿದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೂದು ಕಾಲು, ಬೆನ್ನಿನಲ್ಲಿ ನಾಲ್ಕು ಸ್ಕ್ರೂ, ಕೀಲಿನಲ್ಲಿ ಫರ್ದೀನ ಹಾಕಿದ ಹಳದಿ ಅಂಟು.

“ಹದಿನೆಂಟು ವರ್ಷ ಹುಡುಕೇನಿ,” ಕಲ್ಯಾಣಕುಮಾರ ಗೋಡೆ ನೋಡುತ್ತಾ ಹೇಳಿದರು. “ನಿಮಗ ಅದರ ಕಿಮ್ಮತ್ತೇ ಗೊತ್ತಿರಲಿಲ್ಲ.”

ಆಯಿ ನನ್ನ ಕೈಯಿಂದ ಗೊಂಬೆ ಇಸಿದುಕೊಂಡು ಅಲ್ಲೇ ನಿಂತು ಮಡಚಿದರು. ಪಟ್ಟೆಗಳು ಒಂದಕ್ಕೊಂದು ಕೂಡಿದವು. ನಡುವೆ ಇಪ್ಪತ್ತೆಂಟು ವರ್ಷದ ಕುಂಕುಮ, ಕಪ್ಪಗೆ, ಗಟ್ಟಿಯಾಗಿ ಕೂತಿತ್ತು. ಅದನ್ನು ಎದೆಗೆ ಒತ್ತಿಕೊಂಡು ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಮಾಸ್ತರರು ದೂರಿನ ಕಾಗದ ತೆಗೆದು ಫರ್ದೀನನ ಹೆಸರನ್ನು ಹೊಡೆದು ಹಾಕಿ ಇನ್ನೊಂದು ಹೆಸರು ಬರೆದರು. ಗಾಡಿ ಹತ್ತಿದ ಮೇಲೆ, “ಸ್ಟೇಷನ್ನಿಗೆ ನಾಳೆ ಹೋದರಾಯ್ತು. ಮೊದಲ ಅಂಗಡಿಗೆ ನಡಿ ಸಿಕಂದರ,” ಎಂದರು.

ಫರ್ದೀನ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತಿದ್ದ. ಮುಂದೆ ಒಂದು ಫೋನೂ ಇರಲಿಲ್ಲ. ಮಾಸ್ತರರು ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತು, ಬೆಳಿಗ್ಗೆಯಷ್ಟೇ ಗಟ್ಟಿಯಾಗಿ, ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಂತೆ ಹೇಳಿದರು.

“ಇಲ್ಲೇ ನಿಂತು ಇಂವನ್ನ ಕಳ್ಳ ಅಂದಿದ್ದೆ. ಇಂವ ಕಳ್ಳ ಅಲ್ಲ. ತಪ್ಪು ನಂದು!”

ಫರ್ದೀನ ತಲೆ ಎತ್ತಲಿಲ್ಲ. ಆಯಿ ಲಾರಿಯನ್ನು ಅವನ ಮುಂದಿಟ್ಟರು. ಅವನು ಅದನ್ನು ತಿರುಗಿಸಿದ. ಕೀಲು ನೋಡಿದ. ಅಂಟು ಬಿರುಕು ಬಿಟ್ಟಿತ್ತು.

“ಮಡಚಬ್ಯಾಡ್ರಿ ಅಂದಿದ್ನಲ್ರಿ ಆಯಿ...” ಅವನು ಶಟರ್ ಪೂರ್ತಿ ಮೇಲೆತ್ತಿ, ಸ್ಟೂಲು ಮುಂದಕ್ಕೆ ಎಳೆದ. “ಕುಂದರ್ರಿ. ಮಾಡಿ ಕೊಡ್ತೇನಿ.”

ಆಯಿ ಕೂತರು. ಹೊತ್ತು ಮುಳುಗುತ್ತಿತ್ತು. ಮಾಸ್ತರರು ಮೊಬೈಲಿನ ಟಾರ್ಚ್ ಹಚ್ಚಿ, ಫರ್ದೀನ ಕೊನೆಯ ಸ್ಕ್ರೂ ಬಿಗಿಯುವವರೆಗೂ ಬೆಳಕು ಹಿಡಿದು ನಿಂತರು.