ಹಿತ್ತಿಲ ಕೊಳದ ನೀರು ಕೆಡಿಸಿದವರು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಹಲ್ಲಿನ ಡಾಕ್ಟರು ಠಾಣೆಗೆ ಬಂದಾಗ ಅವರ ಎರಡು ಕೈಯಲ್ಲೂ ಒಂದೊಂದು ಬಾಟಲಿ ನೀರಿತ್ತು. ಒಂದರ ನೀರು ಹಾಲು ಬೆರೆಸಿದಂತೆ ಮಬ್ಬಾಗಿತ್ತು, ಇನ್ನೊಂದರದು ತಿಳಿಯಾಗಿತ್ತು. ಎರಡನ್ನೂ ಅವರು ಇನ್‌ಸ್ಪೆಕ್ಟರ ಮೇಜಿನ ಮೇಲೆ ಕುಕ್ಕಿದರು.

"ನಮ್ಮ ಹಿತ್ತಿಲಿನ ಈಜುಕೊಳದ ನೀರು. ಬೇಕಂತಲೇ ಕೆಡಿಸ್ತಿದ್ದಾನೆ."

"ಯಾರು?"

"ಕೊಳ ಕಟ್ಟಿದ ಮೇಸ್ತ್ರಿ. ಎಫ್‌ಐಆರ್ ಹಾಕಿ."

ಕೊಳ ತುಂಬಿಸಿ ಮೂರು ವಾರವಾಗಿತ್ತು. ಡಾಕ್ಟರು ಇನ್ನೂ ಅದರಲ್ಲಿ ಹೆಬ್ಬೆರಳು ಸಹ ಅದ್ದಿರಲಿಲ್ಲ. ಒಂದು ದಿನ ನೀರು ಮಬ್ಬಾಗಿರುತ್ತಿತ್ತು; ಇನ್ನೊಂದು ದಿನ ತಿಳಿಯಾಗಿದ್ದರೂ ಮುಖಕ್ಕೆ ತಾಗಿದರೆ ಕಣ್ಣು ಉರಿಯುತ್ತಿತ್ತು. ಮೇಸ್ತ್ರಿ ದಿನಾ ಬರುತ್ತಿದ್ದರು, ಏನೋ ಅಳೆಯುತ್ತಿದ್ದರು, ಏನೋ ಸುರಿಯುತ್ತಿದ್ದರು. ಡಾಕ್ಟರ ಈಜುಚಡ್ಡಿ ಮಾತ್ರ ಬೀರುವಿನಲ್ಲೇ ಕೊಳೆಯುತ್ತಿತ್ತು.

ಹೆಡ್ ಕಾನ್‌ಸ್ಟೆಬಲ್ ಮೇಡಂಗೆ ಊರಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಡಾಕ್ಟರು ಹೊರಗೆ ಕೂತ ಮೇಲೆ ಅವರು ದನಿ ತಗ್ಗಿಸಿದರು. "ಸಾರ್, ಆ ಮೇಸ್ತ್ರಿ ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದವರು. ಈಗ ತಾನೇ ಸ್ವಂತ ಕೆಲಸ ಶುರು ಮಾಡಿದ್ದಾರೆ. ಇದೇ ಮೊದಲನೇ ಕೊಳ. ಎಫ್‌ಐಆರ್‌ನಲ್ಲಿ ಹೆಸರು ಬಿತ್ತು ಅಂದ್ರೆ ಎರಡನೇದು ಯಾರೂ ಕೊಡಲ್ಲ."

"ಹಾಗಾದ್ರೆ ಮೊದಲು ಸ್ಥಳ ನೋಡೋಣ," ಎಂದು ಇನ್‌ಸ್ಪೆಕ್ಟರ್ ದೂರನ್ನು ಅರ್ಜಿಯಾಗಿ ಮಾತ್ರ ಸ್ವೀಕರಿಸಿದರು.

ಇನ್‌ಸ್ಪೆಕ್ಟರ ಮನೆಯಲ್ಲೊಂದು ಮೀನಿನ ತೊಟ್ಟಿ ಇತ್ತು. ಹೆಂಡತಿ ಮಕ್ಕಳಿಗಿಂತ ಆ ಮೀನುಗಳ ಯೋಗಕ್ಷೇಮವನ್ನೇ ಹೆಚ್ಚು ವಿಚಾರಿಸುತ್ತಾರೆಂದು ಮನೆಯವರ ದೂರಿತ್ತು. ಅದಕ್ಕಿನ್ನೂ ಎಫ್‌ಐಆರ್ ಆಗಿರಲಿಲ್ಲ. ನೀರು ಪರೀಕ್ಷಿಸುವ ಹನಿಗಳು ಅವರ ಮೇಜಿನ ಖಾನೆಯಲ್ಲೇ ಇದ್ದವು. ಮಬ್ಬು ನೀರಿಗೆ ಹನಿ ಬಿಟ್ಟರೆ ಕಡು ನೇರಳೆ ಬಣ್ಣ ಬಂತು, ಅಂದರೆ ಕ್ಷಾರ ಮಿತಿಮೀರಿತ್ತು. ತಿಳಿ ನೀರು ಹಳದಿಯಾಯಿತು, ಅಂದರೆ ಆಮ್ಲ ಜಾಸ್ತಿ. ಒಂದೇ ಕೊಳದ ನೀರಿಗೆ ಎರಡು ವಿರುದ್ಧ ರೋಗ ಬಂದದ್ದು ಅವರಿಗೆ ವಿಚಿತ್ರವೆನಿಸಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪಕ್ಕದ ರಸ್ತೆಯ ಟೈಲರ್ ಮತ್ತು ಗ್ಯಾಸ್ ಸಿಲಿಂಡರ್ ತಂದವರು ಪಂಚರಾದರು. ನೀಲಿ ಹೆಂಚು ಹಾಸಿದ ಪುಟ್ಟ ಕೊಳ. ಮೂಲೆಯಲ್ಲಿ ಪಂಪಿನ ಕೋಣೆ, ಅದರೊಳಗೆ ಕ್ಲೋರಿನ್ ಡಬ್ಬಿ ಮತ್ತು ಆಸಿಡ್ ಕ್ಯಾನು. ಮೇಸ್ತ್ರಿ ಪಂಪಿನ ಪಕ್ಕ ಕೈಕಟ್ಟಿ ನಿಂತಿದ್ದರು. ಐವತ್ತು ದಾಟಿದವರು. ಮನೆಯ ಮುಂದೆ ಪೊಲೀಸ್ ಜೀಪು ನಿಂತದ್ದನ್ನು ಕಂಡೇ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ನೀರು ಯಾಕೆ ಮಬ್ಬಾಗುತ್ತೆ?"

"ಪಿಎಚ್ ಏಳೂವರೆ ಹತ್ರ ಇರ್ಬೇಕು ಸಾರ್. ಹೊಸ ಕೊಳ, ಹೊಸ ಸಿಮೆಂಟು. ತಾನಾಗೇ ಮೇಲೇರುತ್ತೆ. ಏರಿದ್ರೆ ಮಬ್ಬು, ಕ್ಲೋರಿನ್ನೂ ಸರಿಯಾಗಿ ಕೆಲಸ ಮಾಡಲ್ಲ. ಆಸಿಡ್ ಹಾಕಿ ಇಳಿಸ್ತೀನಿ."

"ಕಣ್ಣು ಉರಿಯೋ ದಿನ?"

"ಅದು... ತೀರ ಕೆಳಗಿಳಿದಾಗ."

"ತಾನಾಗೇ ಇಳಿಯುತ್ತಾ?"

ಮೇಸ್ತ್ರಿ ತಮ್ಮ ಚಪ್ಪಲಿ ನೋಡಿಕೊಂಡರು. "ಇಲ್ಲ ಸಾರ್."

ಅಷ್ಟರಲ್ಲಿ ಟೀ ಬಂತು. ತಂದವರು ಡಾಕ್ಟರ ಸೋದರತ್ತೆ. ತಾಯಿಯಿಲ್ಲದ ಕೂಸನ್ನು ಎತ್ತಿ ಸಾಕುವ ಭರದಲ್ಲಿ ತಮ್ಮ ಮದುವೆಯನ್ನೇ ಮರೆತವರು. ಮೂವತ್ತೈದು ದಾಟಿದ ಡಾಕ್ಟರನ್ನು ಈಗಲೂ ಪುಟ್ಟಾ ಎಂದೇ ಕರೆಯುವವರು. ಅವರು ಮೊದಲ ಲೋಟವನ್ನು ಮೇಸ್ತ್ರಿಗೆ ಕೊಟ್ಟರು. "ಸಕ್ಕರೆ ಹಾಕಿಲ್ಲ," ಎಂದು ಮೆಲ್ಲಗೆ ಹೇಳಿ ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿದರು. ಪೊಲೀಸರಿಗಿಂತ ಮೊದಲು ಆರೋಪಿಗೆ ಟೀ ಸಿಕ್ಕಿದ್ದು ಹೆಡ್ ಕಾನ್‌ಸ್ಟೆಬಲ್ ಮೇಡಂ ಕಣ್ಣಿಗೆ ಬಿತ್ತು. ಖಾಲಿ ಲೋಟ ಇಡುವ ನೆಪದಲ್ಲಿ ಅವರು ಅಡುಗೆಮನೆ ಹೊಕ್ಕು ಹೊರಬಂದರು.

"ಸಾರ್, ಕಸದ ಬುಟ್ಟಿ ತುಂಬ ವಾಷಿಂಗ್ ಸೋಡಾದ ಖಾಲಿ ಪ್ಯಾಕೆಟ್ಟು. ಈ ಮನೇಲಿ ಬಟ್ಟೆ ಒಗೆಯೋದು ಮೆಷಿನ್ನು. ಸೋಡಾ ಯಾಕೆ?"

ಸೋಡಾ ಸುರಿದರೆ ಪಿಎಚ್ ಏರುತ್ತದೆಂಬುದು ಮೀನು ಸಾಕಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಇನ್‌ಸ್ಪೆಕ್ಟರ್ ಡಾಕ್ಟರನ್ನು ಪಕ್ಕಕ್ಕೆ ಕರೆದರು.

"ಈ ಮೂರು ವಾರದಲ್ಲಿ ನೀರು ಸರಿ ಇದ್ದ ದಿನ ಒಂದಾದ್ರೂ ಇತ್ತಾ?"

"ಇತ್ತು. ಗುರುವಾರ ಬೆಳಗ್ಗೆ, ಗಾಜಿನ ಥರ. ನಾನು ಚಡ್ಡಿ ಹಾಕ್ಕೊಂಡು ಓಡಿ ಬಂದೆ. ಅಷ್ಟರಲ್ಲಿ ನನ್ನ ಪೇಷೆಂಟ್ ಹಲ್ಲು ಹಿಡ್ಕೊಂಡು ಬಂದ್ಬಿಟ್ರು. ಸಂಜೆಗೆ ನೀರು ಮತ್ತೆ ಕೆಟ್ಟಿತ್ತು."

"ಅವತ್ತು ಮೇಸ್ತ್ರಿಗೆ ಖುಷಿಯಾಯ್ತಾ?"

"ಅದೇ ತಮಾಷೆ. ನೀರು ಪರೀಕ್ಷೆ ಮಾಡಿ ಸಾವಿನ ಮನೇಲಿ ನಿಂತ ಹಾಗೆ ನಿಂತ. ಅತ್ತೆಗೂ ಅವತ್ತು ಮೈ ಸರಿ ಇರ್ಲಿಲ್ಲ ಅಂತ ಕಾಣುತ್ತೆ, ಟೀ ಸಹ ಮಾಡ್ಲಿಲ್ಲ."

ಇನ್‌ಸ್ಪೆಕ್ಟರು ಮೀಸೆ ತೀಡಿಕೊಂಡರು. ಆಸಿಡ್ಡಿಗೆ ಸೋಡಾ ಬಿದ್ದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಒಬ್ಬರು ಕೈಹಾಕಿದ ದಿನ ನೀರು ಕೆಟ್ಟಿತ್ತು. ಇಬ್ಬರೂ ಕೈಹಾಕಿದ ಒಂದೇ ಒಂದು ದಿನ, ಪಾಪ, ಸರಿಹೋಗಿತ್ತು! ಅವರಿಗೆ ನಗು ತಡೆಯಲಾಗಲಿಲ್ಲ; ಪಂಪಿನ ಕೋಣೆಗೆ ಹೋಗಿ, ಕೆಮ್ಮಿದಂತೆ ಮಾಡಿ ನಕ್ಕು ಬಂದರು.

ಸಂಜೆ ಐದಕ್ಕೆ ಎಲ್ಲರನ್ನೂ ಕೊಳದ ಕಟ್ಟೆಯ ಬಳಿ ಸೇರಿಸಲಾಯಿತು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ತನಿಖೆ ಮುಗೀತು. ಮೇಸ್ತ್ರಿ ಹೆಸರಲ್ಲೇ ಎಫ್‌ಐಆರ್ ಮಾಡೋಣ."

"ಬೇಡ!" ಅತ್ತೆಯ ದನಿಗೆ ಟೈಲರ್ ಸಹ ಒಂದು ಹೆಜ್ಜೆ ಹಿಂದೆ ಸರಿದರು. "ಅವರ ಹೆಸರು ಬರೀಬೇಡಿ. ಸೋಡಾ ಸುರಿದಿದ್ದು ನಾನು."

"ಅತ್ತೆ?" ಡಾಕ್ಟರು ಬಾಯಿ ತೆರೆದರು, ಬೇರೆಯವರ ಬಾಯಿ ತೆರೆಸಿಯೇ ಅಭ್ಯಾಸವಿದ್ದವರು ಅದನ್ನು ಮುಚ್ಚುವುದನ್ನು ಮರೆತರು.

"ಯಾವ ಸೋಡಾ?" ಎಂದು ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದರು.

"ಇನ್ನು ನಾಳೆ ಬರೋ ಅಗತ್ಯ ಇಲ್ಲ ಅಂತ ನೀವು ಹೇಳಿದ ದಿನವೆಲ್ಲ ಹಾಕ್ತಿದ್ದೆ," ಎಂದರು ಅತ್ತೆ, ನೆಲ ನೋಡುತ್ತ. "ನೀರು ಕೆಟ್ರೆ ಬರ್ತೀರಲ್ಲ ಅಂತ."

ಮೇಸ್ತ್ರಿ ಕಟ್ಟೆಯ ಮೇಲೆ ಕುಸಿದು ಕೂತರು. ಚಪ್ಪಲಿ ಸಮೇತ ಕಾಲು ನೀರಿಗಿಳಿದದ್ದು ಅವರಿಗೆ ತಿಳಿಯಲೇ ಇಲ್ಲ.

"ನಾಳೆ ಬಂದು ನೋಡ್ತೀನಿ ಅಂತ ಹೇಳಿ ಹೋದ ದಿನವೆಲ್ಲ, ಆಸಿಡ್ ಹೆಚ್ಚಿಗೆ ಹಾಕಿದ್ದು ನಾನು. ಮಾಡಿದ್ದು ತಪ್ಪು ಅನ್ನಿಸಿದ ದಿನ ಮಾತ್ರ, ನಾಳೆ ಬರಲ್ಲ ಅಂತಿದ್ದೆ."

ಬುಧವಾರ ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದರು. ಹಿಂದಿರುಗುವಷ್ಟರಲ್ಲಿ ಮೇಸ್ತ್ರಿ ಏನೂ ಹೇಳದೆ ಹೊರಟುಹೋಗಿದ್ದರು. ಕೆಲಸ ಮುಗಿಯಿತು, ಇನ್ನು ಬರುವುದಿಲ್ಲವೆಂದು ಹೆದರಿ ಅತ್ತೆ ಸೋಡಾ ಸುರಿದರು. ಅದಕ್ಕೂ ಮೊದಲೇ ಮೇಸ್ತ್ರಿ ಆಸಿಡ್ ಸುರಿದು ಹೋಗಿದ್ದರು. ಗುರುವಾರ ನೀರು ಗಾಜಿನಂತಾದದ್ದು ಹೀಗೆ.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?" ಡಾಕ್ಟರಿಗೆ ಕೋಪ ಮಾಡಿಕೊಳ್ಳಲು ಆಗುತ್ತಿರಲಿಲ್ಲ.

"ಏನಂತ ಹೇಳ್ಲಿ ಪುಟ್ಟಾ, ಈ ವಯಸ್ಸಲ್ಲಿ? ದಿನಾ ಒಬ್ಬರು ಬಂದು, ಟೀ ಕುಡಿದು, ಚೆನ್ನಾಗಿದೆ ಅಂತಾರೆ. ನಾಳೆಯಿಂದ ಬರಲ್ಲ ಅಂದ್ರೆ ಮನೆಯೆಲ್ಲ ಬಿಕೋ ಅನ್ನುತ್ತೆ. ಇದನ್ನ ನಿನ್ನ ಹತ್ರ ಹೇಳೋಕಾಗುತ್ತಾ?"

ತನ್ನನ್ನು ಬೆಳೆಸಿದ ಈ ಹೆಂಗಸಿಗೆ ಏನು ಬೇಕೆಂದು ತಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಡಾಕ್ಟರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. "ದೂರು ವಾಪಸ್ ತಗೋತೀನಿ," ಎಂದರು.

"ತಗೊಳ್ಳಿ. ಆದ್ರೆ ಬೆಳಗ್ಗೆಯಿಂದ ಇಲಾಖೆಯ ಜೀಪು ಓಡಿಸಿದ್ದೀನಿ. ಇವರಿಬ್ಬರ ಬಂಧನ ಇಲ್ಲದೆ ನಾನು ಹೋಗಲ್ಲ," ಎಂದು ಇನ್‌ಸ್ಪೆಕ್ಟರು ಬಂಧನದ ಕಾಗದ ಹೊರತೆಗೆದರು. ಮೀಸೆಯಡಿಯ ನಗು ಎಲ್ಲರಿಗೂ ಕಂಡಿತು, ಮೇಸ್ತ್ರಿಯೊಬ್ಬರನ್ನು ಬಿಟ್ಟು. ಅವರು ಒದ್ದೆ ಕಾಲಿನಲ್ಲೇ ಎದ್ದು ನೆಟ್ಟಗೆ ನಿಂತರು.

"ನಿಮ್ಮನ್ನ ಬಂಧಿಸಿದ ವಿಷಯ ಯಾರಿಗೆ ತಿಳಿಸಬೇಕು? ಹತ್ತಿರದವರ ಹೆಸರು ಹೇಳಿ."

"ಯಾರೂ ಇಲ್ಲ ಸಾರ್. ಹೆಂಡತಿ ತೀರಿಕೊಂಡು ತುಂಬ ವರ್ಷ ಆಯ್ತು."

"ಇದನ್ನ ಖಾಲಿ ಬಿಡೋ ಹಾಗಿಲ್ಲ. ಕಾನೂನು."

"ನನ್ನ ಹೆಸರು ಬರ್ಕೊಳ್ಳಿ," ಎಂದರು ಅತ್ತೆ.

"ನೀವೇ ಬಂಧನದಲ್ಲಿದ್ದೀರಲ್ಲಮ್ಮ!"

"ಆದ್ರೇನಂತೆ? ವಿಷಯ ತಿಳೀತಲ್ಲ."

ಇನ್‌ಸ್ಪೆಕ್ಟರು ಬರೆದುಕೊಂಡರು. "ಸಂಬಂಧ?"

ಹೆಡ್ ಕಾನ್‌ಸ್ಟೆಬಲ್ ಮೇಡಂ ಉಸಿರು ಬಿಗಿಹಿಡಿದರು. ಮೇಸ್ತ್ರಿ ಕೈಯನ್ನು ಅಂಗಿಗೆ ಒರೆಸಿಕೊಂಡರು, ಅತ್ತೆಯ ಕಡೆ ನೋಡಿದರು, ಮತ್ತೊಮ್ಮೆ ಒರೆಸಿಕೊಂಡರು.

"ಅವರು ಒಪ್ಪೋದಾದ್ರೆ... ಹೆಂಡತಿ ಅಂತ ಬರ್ಕೊಳ್ಳಿ ಸಾರ್."

"ಬರ್ಕೊಳ್ಳಿ," ಎಂದರು ಅತ್ತೆ.

ಸಮಯ ಸಂಜೆ ಐದೂಮುಕ್ಕಾಲು ಎಂದು ನಮೂದಾಯಿತು. ಇಬ್ಬರು ಆರೋಪಿಗಳಿಗೂ ಜಾಮೀನು ನಿಂತು ಸಹಿ ಹಾಕಿದವರು ದೂರುದಾರರೇ.