ಆರೋಪಿಯ ಹೆಸರಿನ ಮುಂದೆ ‘ಚಿ.’

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನೀರಮಾನ್ವಿಯ ಬಸ್ಸಮ್ಮ ಮಾನ್ವಿ ಠಾಣೆಗೆ ಬಂದು, ತಮ್ಮ ಮಗನನ್ನು ಪೊಲೀಸರು ದಸ್ತಗಿರಿ ಮಾಡಿದ್ದಾರೆಂದು ಹೇಳಿದರು. ಮಗ ಆಗ ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ಬೈಕಿನ ಮೇಲೆ ಕುಳಿತಿದ್ದ.

ಪಿಎಸ್‌ಐ ತಹಮೀನಾ ಕಿಟಕಿಯಿಂದ ಅವನನ್ನೊಮ್ಮೆ ನೋಡಿ, ತಾಯಿಯ ಕಡೆ ತಿರುಗಿದರು.

“ನಿಮ್ಮ ಮಗ ಅವನೇ ಏನ್ರೀ ಯವ್ವಾ?”

“ಅವನೇ ರೀ.”

“ಮತ್ತ ದಸ್ತಗಿರಿ ಆದಾವ ಯಾರು?”

“ಅವನೂ ಇವನೇ ಅಂತ ರೀ. ಕಾಗದದಾಗ ಹಂಗ ಅದ.”

ಕಾನ್‌ಸ್ಟೆಬಲ್ ಮೌನೇಶ ನಗು ತಡೆಯಲಾಗದೆ ಕಪಾಟಿನ ಕಡೆ ಮುಖ ತಿರುಗಿಸಿದ. ತಹಮೀನಾ ಬಸ್ಸಮ್ಮನಿಗೆ ಕುರ್ಚಿ ಕೊಟ್ಟು, ನೀರು ತರಿಸಿ, ಮಗನನ್ನೂ ಒಳಗೆ ಕರೆಸಿದರು. ವಿಷಯ ಒಂದೊಂದಾಗಿ ಹೊರಬಂತು.

ಮಗನ ಹೆಸರು ಸಂಜೀವ, ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕ. ದೇವದುರ್ಗದ ಸುಮಂಗಲಾ ಎಂಬ ನರ್ಸ್ ಜೊತೆ ಮದುವೆ ನಿಶ್ಚಯವಾಗಿತ್ತು. ಶನಿವಾರ ಸುಮಂಗಲಾಳ ತಂದೆ ಹಂಪಯ್ಯ ಅವರಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗಿದ್ದದ್ದು ಒಂದೇ ಹಾಳೆ. ಮೇಲೆ ‘ದಸ್ತಗಿರಿಯಾದ ವ್ಯಕ್ತಿಗಳ ವಿವರ, ದೇವದುರ್ಗ ಪೊಲೀಸ್ ಠಾಣೆ’ ಎಂಬ ತಲೆಬರಹ, ಕೆಳಗೆ ಸಂಜೀವನ ಹೆಸರು, ಪ್ರಕರಣದ ಸಂಖ್ಯೆ 214, ಅಪರಾಧ ಜೂಜಾಟ, ಕೊನೆಗೊಂದು ದುಂಡು ಮೊಹರು. ಹಂಪಯ್ಯ ಅಂದೇ ಸಂಜೆ ಫೋನ್ ಮಾಡಿ ಮದುವೆಯ ಕಾರ್ಡು ಹಂಚಬೇಡಿ ಎಂದರು. ಮಂಗಳವಾರದೊಳಗೆ ಇದು ಸುಳ್ಳೆಂದು ತಿಳಿಯದಿದ್ದರೆ ನಿಶ್ಚಯದ ಸೀರೆ ವಾಪಸ್ ಬರುತ್ತದೆ ಎಂದೂ ಹೇಳಿದರು.

“ಎಂದಾದ್ರೂ ಇಸ್ಪೀಟ್ ಮುಟ್ಟೀರೇನ್ರಿ?” ತಹಮೀನಾ ಸಂಜೀವನನ್ನು ಕೇಳಿದರು.

“ಸಂಭವನೀಯತೆ ಪಾಠಕ್ಕ ಮುಟ್ಟೀನ್ರಿ. ಐವತ್ತೆರಡು ಎಲಿ. ಕ್ಲಾಸಿನ್ಯಾಗ.”

ತಹಮೀನಾ ಕಂಪ್ಯೂಟರ್ ಪರದೆಯನ್ನು ತಾಯಿ ಮಗನ ಕಡೆ ತಿರುಗಿಸಿದರು. ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಹುಡುಕುವ ಪುಟ ತೆರೆದು, ಜಿಲ್ಲೆ, ಠಾಣೆ, ವರ್ಷ, ಸಂಖ್ಯೆ ತುಂಬಿದರು. ಇದಕ್ಕೆ ಪೊಲೀಸರೇ ಆಗಬೇಕಿಲ್ಲ, ಫೋನ್ ಇದ್ದ ಯಾರು ಬೇಕಾದರೂ ನೋಡಬಹುದು ಎಂದರು. ದೇವದುರ್ಗ ಠಾಣೆಯ 214ನೇ ಪ್ರಕರಣ ತೆರೆದುಕೊಂಡಿತು. ಅದು ಅಕ್ರಮ ಉಸುಕು ಸಾಗಿಸುತ್ತಿದ್ದ ಟ್ರ್ಯಾಕ್ಟರಿನದು. ಅದರಲ್ಲಿ ಸಂಜೀವನೂ ಇರಲಿಲ್ಲ, ಇಸ್ಪೀಟೂ ಇರಲಿಲ್ಲ.

ಬಸ್ಸಮ್ಮ ಎದ್ದೇ ನಿಂತರು. ಕೆಲಸ ಇಷ್ಟಕ್ಕೇ ಮುಗಿಯಲಿಲ್ಲವೆಂದು ತಹಮೀನಾ ಅವರನ್ನು ಮತ್ತೆ ಕೂರಿಸಿದರು. ಹೆಣ್ಣುಮಕ್ಕಳ ಮಾನದ ಪ್ರಕರಣಗಳಂಥ ಕೆಲವು ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ. ಬೇರೆ ಸಂಖ್ಯೆಯಲ್ಲಿ ಹೆಸರಿರಬಹುದೆಂದು ಬೀಗರು ಅನುಮಾನಿಸಿದರೆ ಉತ್ತರ ಬೇಕಾಗುತ್ತದೆ. ದಸ್ತಗಿರಿಯಾದವರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಕಾನೂನಿದೆ. ಅದನ್ನೂ ನೋಡಿಬಿಡುವುದು ಲೇಸು ಎಂದರು.

ಅಷ್ಟರಲ್ಲಿ ಸಂಜೀವ ತನ್ನ ಫೋನಿನಲ್ಲಿದ್ದ ಹಾಳೆಯ ಚಿತ್ರ ತೋರಿಸಿದ. ಸುಮಂಗಲಾ ಅವಸರದಲ್ಲಿ ತೆಗೆದು ಕಳಿಸಿದ್ದಳು. ಹಾಳೆಯ ಒಂದು ಅಂಚು ಮಡಚಿಕೊಂಡಿತ್ತು. ತಹಮೀನಾ ಚಿತ್ರವನ್ನು ದೊಡ್ಡದು ಮಾಡಿ ಓದಿದರು: ‘...ಸಂಜೀವ ಬಿನ್ ಮಾರೆಪ್ಪ, ಸಾ: ನೀರಮಾನ್ವಿ.’

“ಮೌನೇಶ, ನೀ ಆರೋಪಿ ಹೆಸರು ಹ್ಯಾಂಗ ಬರೀತಿ?”

“ಇಂಥಾವ ತಂದೆ ಇಂಥಾವ ಅಂತ ರೀ.”

“ಬಿನ್ ಅಂತ ಎಂದಾದ್ರೂ ಬರೆದೀಯೇನು?”

ಅವನು ತಲೆ ಅಲ್ಲಾಡಿಸಿದ. ಬಿನ್ ಎಂದು ಬರೆಯುವುದು ಬೆಂಗಳೂರು, ತುಮಕೂರು ಕಡೆಯ ಠಾಣೆಗಳ ರೂಢಿ. ತಹಮೀನಾ ಕೆಲವು ಕಾಲ ಆ ಕಡೆ ಕೆಲಸ ಮಾಡಿದ್ದರಿಂದ ಅದು ಅವರ ಕಣ್ಣಿಗೆ ಹಳೆಯ ಪರಿಚಯ. ರಾಯಚೂರು ಜಿಲ್ಲೆಯಲ್ಲಿ ತಲೆತಲಾಂತರದಿಂದ ‘ತಂದೆ’ ಎಂದೇ ಬರೆಯುತ್ತ ಬಂದಿದ್ದಾರೆ. ಎಲ್ಲಿಯದೋ ದಕ್ಷಿಣದ ಠಾಣೆಯ ಹಾಳೆಯನ್ನು ಜಾಲದಿಂದ ಇಳಿಸಿಕೊಂಡು ಯಾರೋ ಹೆಸರು ಬದಲಿಸಿದ್ದಾರೆ ಎಂಬುದು ಅವರಿಗೆ ಖಚಿತವಾಯಿತು.

ಮಾನಹಾನಿಯ ಉದ್ದೇಶದಿಂದ ದಾಖಲೆ ಸೃಷ್ಟಿಸಿದ ಆರೋಪದಡಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 336(4)ರಂತೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ರಾಯಚೂರಿನ ಜಿಲ್ಲಾ ಕಂಟ್ರೋಲ್ ರೂಮಿನಿಂದ ಲಿಖಿತ ಉತ್ತರ ತರಲು ಮೌನೇಶ ಬಸ್ ಹತ್ತಿದ. ತಹಮೀನಾ ಠಾಣೆಯ ರೈಟರ್‌ನನ್ನು ಜೊತೆಗೆ ಕರೆದುಕೊಂಡು ಸಿರವಾರದ ಮೇಲಿಂದ ದೇವದುರ್ಗಕ್ಕೆ ಹೊರಟರು.

ಹಂಪಯ್ಯ ರಸ್ತೆ ದುರಸ್ತಿಯ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದವರು. ಜೀವನದಲ್ಲಿ ಠಾಣೆಯ ಮೆಟ್ಟಿಲು ಹತ್ತಿಲ್ಲವೆಂಬುದು ಅವರ ಹೆಮ್ಮೆ. ಹಾಳೆ ನಿಜವೋ ಸುಳ್ಳೋ ಎಂದು ಠಾಣೆಗೆ ಹೋಗಿ ಕೇಳಬಹುದಿತ್ತಲ್ಲ ಎಂದು ತಹಮೀನಾ ವಿಚಾರಿಸಿದಾಗ, ಭಾವಿ ಅಳಿಯನ ಹೆಸರು ಹಿಡಿದು ಪೊಲೀಸರನ್ನು ಕೇಳುವುದೆಂದರೆ ಊರಿಗೆ ಡಂಗುರ ಸಾರಿದ ಹಾಗೆ ಎಂದು ಹೇಳಿದರು. ಒಳಗಿಂದ ಚಹಾ ತಂದ ಸುಮಂಗಲಾ ಸುಮ್ಮನಿರಲಿಲ್ಲ.

“ನಾ ಅವತ್ತೇ ಫೋನಿನ್ಯಾಗ ನೋಡಿ ಹೇಳೀನ್ರಿ ಮೇಡಂ, 214 ಅಂದ್ರ ಉಸುಕಿನ ಟ್ರ್ಯಾಕ್ಟರ್ ಅಂತ. ಕಂಪ್ಯೂಟರಿನ್ಯಾಗ ಏನು ಬೇಕಾದ್ರೂ ಬರೀತಾರ ಅಂದ್ರು ನಮ್ಮಪ್ಪ. ಈ ಹಾಳಿ ಏನು ಕಲ್ಲಾಗ ಕೆತ್ತಿ ಬಂದದೇನ್ರಿ?”

“ಅದಕ್ಕ ಶಿಕ್ಕಾ ಇತ್ತವ್ವಾ,” ಎಂದರು ಹಂಪಯ್ಯ, ಹಾಳೆಯ ದುಂಡು ಮೊಹರು ತೋರಿಸಿ.

“ಶಿಕ್ಕಾ ನಮ್ಮ ಆಸ್ಪತ್ರಿಯಾಗ ಚಹಾದ ಚೀಟಿಗೂ ಹೊಡೀತಾರ.”

ತಹಮೀನಾ ಹಂಪಯ್ಯನವರನ್ನೂ ಕರೆದುಕೊಂಡೇ ದೇವದುರ್ಗ ಠಾಣೆಗೆ ಹೋದರು. ಮೆಟ್ಟಿಲ ಬಳಿ ಹಂಪಯ್ಯ ಚಪ್ಪಲಿ ಬಿಡಲು ಬಗ್ಗಿದರು. ಇದು ಗುಡಿಯಲ್ಲ, ಹಾಕಿಕೊಂಡೇ ಬನ್ನಿ ಎಂದ ಮೇಲೆ ಒಳಗೆ ಕಾಲಿಟ್ಟರು. ಬಾಗಿಲ ಪಕ್ಕದ ಗೋಡೆಯಲ್ಲೇ ಫಲಕವಿತ್ತು. ದಸ್ತಗಿರಿಯಾದವರ ಹೆಸರು, ತಂದೆಯ ಹೆಸರು, ಊರು, ಅಪರಾಧ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು, ನಂತರ ಕೆಳಗಿನಿಂದ ಮೇಲಕ್ಕೆ. ಈ ಮಾಹಿತಿಯ ಹೊಣೆ ಹೊತ್ತ ಎಎಸ್‌ಐ ಶರಣಯ್ಯ ಹಿಂದಿನ ತಿಂಗಳುಗಳ ಹಾಳೆಗಳನ್ನೂ ತಂದು ಮುಂದಿಟ್ಟರು. ಸಂಜೀವ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

“ಇದನ್ನ ಯಾರು ಬೇಕಾದ್ರೂ ನೋಡಬಹುದೇನ್ರೀ?” ಹಂಪಯ್ಯ ಮೆಲ್ಲಗೆ ಕೇಳಿದರು.

“ನೋಡ್ಲಿ ಅಂತಾನ ಗ್ವಾಡಿಗೆ ಹಾಕೀವಿ ಯಪ್ಪಾ. ಯಾರೂ ನೋಡಂಗಿಲ್ಲ. ಪಾಪ, ಬಿಸಿಲಿಗೆ ಮಾಸ್ತದ ಅಷ್ಟ.”

ಮನೆಗೆ ಮರಳಿ, ನೆರೆಯ ಇಬ್ಬರನ್ನು ಪಂಚರನ್ನಾಗಿ ಕರೆದು, ಮೂಲ ಹಾಳೆಯನ್ನೂ ಲಕೋಟೆಯನ್ನೂ ಜಪ್ತಿ ಮಾಡುವ ಪಂಚನಾಮೆ ಶುರುವಾಯಿತು. ಲಕೋಟೆಯ ಮೇಲೆ ಮಾನ್ವಿ ಅಂಚೆಯ ಮುದ್ರೆಯಿತ್ತು. ತಹಮೀನಾ ಮಡಚಿದ ಅಂಚನ್ನು ಬಿಡಿಸಿ, ಹಾಳೆಯಲ್ಲಿದ್ದುದನ್ನು ಇದ್ದಂತೆಯೇ ಓದಿ ಬರೆಸುತ್ತಿದ್ದರು.

“ಆರೋಪಿಯ ಹೆಸರು, ಚಿ. ಸಂಜೀವ.”

ರೈಟರ್ ಬರೆದವನು ಪೆನ್ನು ಎತ್ತಿ, ‘ಚಿ.’ ಯಾಕೆ ಎಂಬಂತೆ ನೋಡಿದ. ತಹಮೀನಾ ಹಾಳೆಯನ್ನು ಬೆಳಕಿಗೆ ಹಿಡಿದರು. ಸಣ್ಣ ಅಕ್ಷರವೇನೂ ಅಲ್ಲ. ಚಿತ್ರದಲ್ಲಿ ಮಡಿಕೆಯೊಳಗೆ ಅಡಗಿತ್ತು, ಹಂಪಯ್ಯನವರ ಕಣ್ಣು ದಸ್ತಗಿರಿ ಎಂಬ ಮಾತಿನಾಚೆ ಹೋಗಿರಲಿಲ್ಲ.

“ಒಳಗ ಹಾಕಿ ಮ್ಯಾಲ ಚಿರಂಜೀವಿ ಆಗು ಅಂತ ಹರಸ್ಯಾರೇನ್ರಿ ಮೇಡಂ?” ಸುಮಂಗಲಾ ಕೇಳಿದಳು.

ಪಂಚರಿಬ್ಬರೂ ನಕ್ಕರು. ಶನಿವಾರದಿಂದ ಗಂಟು ಮುಖ ಹಾಕಿಕೊಂಡಿದ್ದ ಹಂಪಯ್ಯ, ಹೆಗಲ ಮೇಲಿನ ಟವೆಲ್ ಬಾಯಿಗೆ ಅಡ್ಡ ಹಿಡಿದು, ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಬಸ್ಸಮ್ಮನಿಗೆ ತಾವೇ ಫೋನ್ ಮಾಡುವುದಾಗಿ ಹೇಳಿದರು.

ಮಾನ್ವಿಗೆ ಮರಳುವ ದಾರಿಯುದ್ದಕ್ಕೂ ತಹಮೀನಾ ಆ ಒಂದು ಅಕ್ಷರದ ಬಗ್ಗೆಯೇ ಯೋಚಿಸಿದರು. ಚಿ. ಎಂದು ಬರೆಯುವ ಜಾಗ ಒಂದೇ, ಲಗ್ನಪತ್ರಿಕೆ. ಹೆಸರನ್ನು ಹೊಸದಾಗಿ ಟೈಪ್ ಮಾಡದೆ, ಕಾರ್ಡಿನಿಂದ ಎತ್ತಿ ಹಾಳೆಗೆ ಅಂಟಿಸಿದವನು ಮಾತ್ರ ಅದನ್ನು ಹೊತ್ತು ತರಬಲ್ಲ. ಬಸ್ಸಮ್ಮನನ್ನು ಫೋನಿನಲ್ಲಿ ಕಾರ್ಡಿನ ಬಗ್ಗೆ ಕೇಳಿದರು. ಬುಧವಾರವೇ ಅಚ್ಚಾಗಿ ಬಂದಿವೆ, ಆದರೆ ಯಾರೂ ನೋಡಿಲ್ಲ ಎಂದರು ಬಸ್ಸಮ್ಮ. ಅವರ ಮನೆಯ ಪದ್ಧತಿಯಂತೆ ಮಂಗಳವಾರ ಮೊದಲ ಕಾರ್ಡನ್ನು ನೀರಮಾನ್ವಿಯ ಎಲ್ಲಮ್ಮನ ಮುಂದೆ ಇಡುವವರೆಗೆ ಕಟ್ಟು ಬಿಚ್ಚುವಂತಿಲ್ಲ. ಅಚ್ಚು ಹಾಕಿದವನು ಮಾನ್ವಿಯ ಆಂಜನೇಯ.

ಆಂಜನೇಯನ ಅಂಗಡಿಯ ಬೋರ್ಡಿನ ಮೇಲೆ ‘ತಪ್ಪಿಲ್ಲದ ಮುದ್ರಣ’ ಎಂದು ಬರೆದಿತ್ತು. ಸಂಜೆ ಐದರ ಸುಮಾರಿಗೆ ತಹಮೀನಾ ಒಳಗೆ ಬಂದಾಗ, ನಲವತ್ತರ ಆಸುಪಾಸಿನ ಆ ಮನುಷ್ಯ ನಮಸ್ಕಾರ ಮಾಡುವ ಮೊದಲೇ ಕಂಪ್ಯೂಟರಿನ ಮೌಸ್ ಹಿಡಿದ. ಪರದೆಯ ಮೇಲಿದ್ದ ಒಂದು ಕಡತ ಮಾಯವಾಯಿತು. ರಾಯಚೂರಿನಿಂದ ಸಂಜೀವನ ಹೆಸರಿಲ್ಲವೆಂಬ ಉತ್ತರದೊಂದಿಗೆ ಆಗಷ್ಟೇ ಬಂದು ಸೇರಿಕೊಂಡಿದ್ದ ಮೌನೇಶ ಅವನ ಕೈ ಪಕ್ಕಕ್ಕೆ ಸರಿಸಿದ. ಅಳಿಸಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಹಾಗೆಯೇ ಇತ್ತು. ಸಂಜೀವನ ಹೆಸರಿನ ಹಾಳೆ, ಅದಕ್ಕೆ ಮಾದರಿಯಾದ ದಕ್ಷಿಣದ ಯಾವುದೋ ಠಾಣೆಯ ಹಾಳೆ, ಎರಡೂ ಸಿಕ್ಕವು. ಮೇಜಿನ ಖಾನೆಯಲ್ಲಿ ದುಂಡು ಮೊಹರೂ ಇತ್ತು.

“ಸಂಜೀವನ ಮ್ಯಾಲ ಏನು ಸಿಟ್ಟು ನಿನಗ?”

“ಸಿಟ್ಟಿಲ್ರೀ. ಚಲೋ ಹುಡುಗ.”

“ಹುಡುಗಿ ಮನಿಯವರ ಮ್ಯಾಲ?”

“ಅವರ ಮಾರಿ ನಾ ನೋಡಿಲ್ರೀ.”

“ಮತ್ತ ಯಾಕ?”

ಆಂಜನೇಯ ಖಾನೆಯಿಂದ ಸಂಜೀವನ ಮದುವೆಯ ಕಾರ್ಡು ತೆಗೆದು, ಆಶೀರ್ವದಿಸುವ ಹಿರಿಯರ ಹೆಸರುಗಳ ಮೇಲೆ ಬೆರಳಿಟ್ಟ. ಮೊದಲ ಸಾಲಿನಲ್ಲಿ ‘ದಿ. ಮಾರೆಪ್ಪ’ ಎಂದಿತ್ತು. ಸಂಜೀವನ ತಂದೆ, ತೀರಿಕೊಂಡು ವರ್ಷಗಳಾಗಿದ್ದವು. ಅದರ ಕೆಳಗಿನ ಸಾಲು ‘ದಿ. ಯಂಕಣ್ಣ ಮೇಷ್ಟ್ರು’.

“ಇವರು ಯಾವಾಗ ತೀರಿಕೊಂಡ್ರು?”

“ತೀರಿಕೊಂಡಿಲ್ರೀ,” ಎಂದ ಆಂಜನೇಯ. “ನಿನ್ನಿ ಸಂತ್ಯಾಗ ಬದನಿಕಾಯಿ ಆರಸಾಕತ್ತಿದ್ರು.”

ಪ್ರೂಫ್ ನೋಡಿ ಎಲ್ಲ ಮುಗಿದ ಮೇಲೆ, ನಮ್ಮಣ್ಣನ ಹೆಸರೂ ಸೇರಿಸು ಎಂದು ಬಸ್ಸಮ್ಮ ಫೋನ್ ಮಾಡಿದ್ದರಂತೆ. ಅವಸರದಲ್ಲಿ ಅವನು ಮೇಲಿನ ಸಾಲನ್ನೇ ಎತ್ತಿ ಕೆಳಗೆ ಹಾಕಿ ಹೆಸರು ಬದಲಿಸಿದ್ದ. ‘ದಿ.’ ಹಾಗೆಯೇ ಉಳಿದಿತ್ತು. ಕಟ್ಟುಗಳು ನೀರಮಾನ್ವಿ ತಲುಪಿದ ಮೇಲೆ ಅದು ಅವನ ಕಣ್ಣಿಗೆ ಬಿತ್ತು. ಮದುವೆ ನಾಲ್ಕು ದಿನ ಮುಂದಕ್ಕೆ ಹೋದರೆ ಸಾಕು, ಹೊಸ ತಾರೀಖಿಗೆ ಹೊಸ ಕಾರ್ಡು ಬೇಕಾಗುತ್ತದೆ, ಹಳೆಯವು ಕಟ್ಟು ಬಿಚ್ಚದೆಯೇ ರದ್ದಿಗೆ ಹೋಗುತ್ತವೆ ಎಂದು ಅವನು ಎಣಿಸಿದ್ದ. ಹಾಳೆ ಸುಳ್ಳೆಂದು ಹೇಗೂ ತಿಳಿಯುತ್ತದೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದ. ಬಸ್ಸಮ್ಮನ ಮನೆಗೆ ಹೋಗಿ ತಪ್ಪಾಗಿದೆ ಎನ್ನುವುದು ಮಾತ್ರ ಅವನಿಂದಾಗಲಿಲ್ಲ. ಅವನಿಗೆ ಅಕ್ಷರ ಕಲಿಸಿದವರು ಯಂಕಣ್ಣ ಮೇಷ್ಟ್ರು. ಅವನ ಕೇರಿಯ ಮಕ್ಕಳನ್ನು ಮೊದಲು ಶಾಲೆಗೆ ಎಳೆದು ತಂದವರೂ ಅವರೇ. ಅಂಗಡಿಯ ಬೋರ್ಡಿನ ಮಾತು ಬರೆದುಕೊಟ್ಟಿದ್ದು ಅವರ ಕೈ. ನನ್ನ ಶಿಷ್ಯನ ಅಚ್ಚಿನಲ್ಲಿ ತಪ್ಪು ಹುಡುಕಿರಿ ನೋಡೋಣ ಎಂದು ಅವರು ಬಸ್ ನಿಲ್ದಾಣದಲ್ಲಿ ಅಪರಿಚಿತರಿಗೂ ಸವಾಲು ಹಾಕುತ್ತಿದ್ದರು.

ಸಾಕ್ಷ್ಯ ನಾಶಕ್ಕೆ ಯತ್ನಿಸಿದ್ದರಿಂದ ಆಂಜನೇಯನನ್ನು ದಸ್ತಗಿರಿ ಮಾಡಿ, ಕಂಪ್ಯೂಟರ್ ಮತ್ತು ಮೊಹರಿಗೆ ಪಂಚನಾಮೆ ಮುಗಿಸಲಾಯಿತು. ಮೌನೇಶ ಅವನ ಹೆಸರನ್ನು ಮಾನ್ವಿ ಠಾಣೆಯ ಫಲಕಕ್ಕೆ ಏರಿಸಿದ. ಅಪರಾಧ ಜಾಮೀನು ಸಿಗುವಂಥದ್ದು. ಶ್ಯೂರಿಟಿಗೆ ಯಾರನ್ನು ಕರೆಯಲಿ ಎಂದು ಕೇಳಿದರೆ ಆಂಜನೇಯ ಮೂಲೆಯ ಬೆಂಚಿಗೆ ಹೋಗಿ ಕುಳಿತ.

ಅಷ್ಟರಲ್ಲಿ ಸುದ್ದಿ ತಿಳಿದು ಬಸ್ಸಮ್ಮ ಬಂದರು. ಅವರ ಹಿಂದೆಯೇ ಬಿಳಿ ಧೋತರ ಉಟ್ಟ, ಕೈಯಲ್ಲಿ ಕೊಡೆ ಹಿಡಿದ ಯಂಕಣ್ಣ ಮೇಷ್ಟ್ರು. ಅವರು ಕಾರ್ಡು ಇಸಿದುಕೊಂಡು, ಆರಂಭದ ಶ್ಲೋಕದಿಂದ ಪ್ರೆಸ್ಸಿನ ಹೆಸರಿನವರೆಗೆ ನಿಧಾನವಾಗಿ ಓದಿದರು.

“ದಿವಂಗತರು ಜಾಮೀನು ಕೊಟ್ರ ನಡೀತದೇನ್ರಿ ಮೇಡಂ?”

“ಆಧಾರ್ ಕಾರ್ಡ್ ತಂದಿದ್ರ ನಡೀತದ್ರಿ ಸರ್,” ಎಂದರು ತಹಮೀನಾ.

ಮೇಷ್ಟ್ರು ಜೇಬಿನಿಂದ ಆಧಾರ್ ತೆಗೆದು ಮೇಜಿನ ಮೇಲಿಟ್ಟು, ಮೂಲೆಯ ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಶಿಷ್ಯನ ಪಕ್ಕ ಕುಳಿತರು.

“ಪೊಲೀಸರ ಕಾಗದದಾಗ ಚಿರಂಜೀವಿ, ಲಗ್ನದ ಕಾಗದದಾಗ ದಿವಂಗತ. ಎರಡೂ ಶಬ್ದ ಸರಿ ಅದಾವ, ಜಾಗ ಅದಲಿ ಬದಲಿ ಆಗೇದ. ತಪ್ಪಾತು ಅಂತ ಬಂದು ಹೇಳಿದ್ರ ಒಂದು ಕಿವಿ ಹಿಂಡತಿದ್ದೆ, ಮುಗೀತಿತ್ತು. ಎದಕ್ಕ ಅಂಜಿದಿ ಲೇ?”

“ನಿಮ್ಮ ಮಾರಿಗೆ ರೀ,” ಎಂದ ಆಂಜನೇಯ.

ಬಸ್ಸಮ್ಮ ದೂರು ಹರಿದುಬಿಡಿ ಎಂದು ಕೇಳಿಕೊಂಡರು. ಎಫ್‌ಐಆರ್ ಆದ ಮೇಲೆ ಹರಿಯಲು ಬರುವುದಿಲ್ಲ, ಉಳಿದದ್ದು ನ್ಯಾಯಾಲಯಕ್ಕೆ ಬಿಟ್ಟದ್ದು ಎಂದು ತಹಮೀನಾ ತಿಳಿಸಿ ಹೇಳಿದರು. ಮೇಷ್ಟ್ರು ಅದು ಸರಿಯೆಂದು ಒಪ್ಪಿ, ಜಾಮೀನು ಪತ್ರದ ಮೇಲೆ ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಸಹಿಯ ಮೇಲಿದ್ದ ಮುದ್ರಣದಲ್ಲಿ ಒಂದು ಒತ್ತಕ್ಷರ ತಪ್ಪಿರುವುದನ್ನೂ ತೋರಿಸಿದರು.

ಮಂಗಳವಾರ ಬಸ್ಸಮ್ಮನ ಮನೆಯ ಕಟ್ಟೆಯ ಮೇಲೆ ಗುರು ಶಿಷ್ಯರಿಬ್ಬರೂ ಕುಳಿತು, ಒಂದೊಂದೇ ಕಾರ್ಡಿನಲ್ಲಿ ‘ದಿ.’ ಹೊಡೆದು ‘ಶ್ರೀ’ ಬರೆದರು. ಮೊದಲನೆಯದು ಎಲ್ಲಮ್ಮನ ಗುಡಿಗೆ ಹೋಯಿತು, ಎರಡನೆಯದು ತಹಮೀನಾ ಅವರಿಗೆ.

ಮದುವೆ ಗೊತ್ತಾದ ದಿನವೇ ನಡೆಯಿತು. ಅಕ್ಷತೆ ಬಿದ್ದ ಮೇಲೆ ಹಂಪಯ್ಯನವರ ಕೋರಿಕೆಯಂತೆ ಯಂಕಣ್ಣ ಮೇಷ್ಟ್ರು ವಧೂವರರನ್ನು ಆಶೀರ್ವದಿಸಿ ಎರಡು ಮಾತಾಡಲು ಎದ್ದರು. ಅವರು ಮುಗಿಸುವ ಹೊತ್ತಿಗೆ ಮದುವೆಯೂಟದ ಗೋಧಿ ಹುಗ್ಗಿ ಆರಿತ್ತು.